ಗುರುತು ಹಾಕಿದ ಹಾಲು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಮಸ್ಕಿಯಿಂದ ಹೈದರಾಬಾದಿಗೆ ಬಂದು ಮುಪ್ಪಾದೆ. ಇನ್ನೂ ಮುಂದೂಡಿದರೆ ಹೇಳದೆಯೇ ಹೋಗುತ್ತೇನೆ.

ಇಲ್ಲಿ ಕೆಲಸಕ್ಕೆ ಸೇರಿದ ಪ್ರಯೋಗಾಲಯದಲ್ಲಿ ಮೊದಲ ದಿನ ಕಂಡದ್ದನ್ನು ನೀವು ನಂಬಲಾರಿರಿ. ಆಡಿನ ಹಿಕ್ಕೆಯನ್ನು ಬಂಗಾರದಂತೆ ತೂಗುತ್ತಿದ್ದರು. ನಮ್ಮಲ್ಲಿ ಹಿಕ್ಕೆ ಹೊಲಕ್ಕೆ, ಇಲ್ಲಿ ಡಬ್ಬಿಗೆ. ಉಚ್ಚೆಗೊಂದು ಡಬ್ಬಿ, ಹಾಲಿಗೊಂದು. ಸಿಂಧನೂರಿನವರು ಭತ್ತಕ್ಕೆ ‘ಎಣ್ಣೆ’ ಎಂದು ಹೊಡೆಯುತ್ತಾರಲ್ಲ, ಅಂಥ ಕೀಟನಾಶಕಕ್ಕೆ ವಿಕಿರಣದ ಗುರುತು ಹಾಕಿ ಆಡಿಗೆ ನುಂಗಿಸುತ್ತಿದ್ದರು. ಅದು ಕರುಳಿನಿಂದ ರಕ್ತಕ್ಕೆಷ್ಟು ಸೇರಿತು, ಪಿತ್ತಜನಕಾಂಗದಲ್ಲಿ ಏನಾಗಿ ಬದಲಾಯಿತು, ಹಾಲಿಗೆಷ್ಟು ಬಂತು ಎಂದು ಹುಡುಕುವುದು ಆ ಪ್ರಯೋಗಾಲಯದ ಕೆಲಸ. ಒಳಹೋದದ್ದಕ್ಕೂ ಹೊರಬಂದದ್ದಕ್ಕೂ ತಾಳೆಯಾಗಬೇಕು. ಒಂದು ಹನಿ ಚೆಲ್ಲುವಂತಿಲ್ಲ. ಆಡು ಕಾದವನೆಂದು ನನ್ನನ್ನು ಇಟ್ಟುಕೊಂಡರು.

ಅಲ್ಲಿ ಕನ್ನಡ ಆಡುತ್ತಿದ್ದವಳು ಮುದಗಲ್ಲಿನ ಒಬ್ಬ ಹೆಣ್ಣುಮಗಳು ಮಾತ್ರ. ಊರಲ್ಲಿ ಬಿಟ್ಟು ಬಂದ ಮಗಳನ್ನು ಈ ದುಡಿಮೆಯಿಂದಲೇ ಓದಿಸುತ್ತಿದ್ದಳು. ಅನ್ನ ತಿಂದು ಸಾಕಾಗಿದ್ದ ನನಗೆ ಜೋಳದ ರೊಟ್ಟಿ ತಂದುಕೊಟ್ಟವಳೂ ಆಕೆಯೇ. ಬೆಳಿಗ್ಗೆ ನಾನು ಹಾಲು ಹಿಂಡುತ್ತಿದ್ದೆ, ಸಂಜೆ ಆಕೆ.

ಮನೆಗೆ ಹೊರಡುವಾಗ ಎಲ್ಲರ ಕೈಗೂ ಒಂದು ಯಂತ್ರ ಹಿಡಿಯುತ್ತಿದ್ದರು. ಗುರುತು ಹಾಕಿದ ಆ ಔಷಧ ಅಂಟಿದ್ದರೆ ಕೂಗುತ್ತಿತ್ತು. ಒಂದು ದಿನ ನನ್ನ ಸರದಿಗೆ ಕೂಗಿತು. ಆಕೆ ಬಿದ್ದು ಬಿದ್ದು ನಕ್ಕಳು.

“ಯಣ್ಣಾ, ಅದು ಔಷಧ ಅಲ್ಲೋ, ನಿನ್ನ ಮೈಯಾಗಿನ ಆಡಿನ ನಾತಕ್ಕ ಕೂಗಾಕತ್ತೈತಿ!”

ಅದನ್ನೇ ತೆಲುಗಿನಲ್ಲೂ ಹೇಳಿದಳು. ಪ್ರಯೋಗಾಲಯದ ಸಾಹೇಬರೂ ನಕ್ಕರು. ಕನ್ನಡದಲ್ಲಷ್ಟೇ ನಕ್ಕಿದ್ದರೆ ಮರೆಯುತ್ತಿದ್ದೆನೇನೋ.

ಆಡು ಕೆಚ್ಚಲಿಗೆ ಹಾಲು ಇಳಿಸುವುದನ್ನು ಇಲ್ಲಿ ಚೇಪು ಎನ್ನುತ್ತಾರೆ. ಬೆದರಿದ ಆಡು ಹಾಲನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಅಲ್ಲಿದ್ದ ಆಡುಗಳು ನನ್ನ ಹಾಗೆಯೇ ನಮ್ಮ ಕಡೆಯಿಂದ ಲಾರಿ ಹತ್ತಿ ಬಂದವು. ತೋಳ ಕಂಡಾಗ ನಾವು ನಾಲಗೆಯಲ್ಲಿ ಮಾಡುವ ಸದ್ದು ಅವಕ್ಕೆ ಗೊತ್ತಿತ್ತು. ಸಂಜೆ ಆಕೆ ಹಿಂಡಲು ಕುಳಿತೊಡನೆ ಗೋಡೆಯಾಚೆ ನಿಂತು ಮೆಲ್ಲಗೆ ಆ ಸದ್ದು ಮಾಡುತ್ತಿದ್ದೆ. ಬೆಳಿಗ್ಗೆ ನನ್ನ ಪಾತ್ರೆ ತುಂಬುತ್ತಿತ್ತು. ಸಂಜೆ ಆಕೆಯದು ತುಂಬುತ್ತಿರಲಿಲ್ಲ. ಆಕೆಯ ಮುಖ ಬಾಡಿದಷ್ಟೂ ನನಗೆ ಅನ್ನ ರುಚಿಸತೊಡಗಿತು.

ಲೆಕ್ಕ ತಾಳೆಯಾಗಲಿಲ್ಲ. ಗುರುತಿನ ಹಾಲು ಚೆಲ್ಲಿ ಮುಚ್ಚಿಟ್ಟಿದ್ದಾಳೆ ಎಂದರು ಸಾಹೇಬರು.

“ಯಣ್ಣಾ, ಒಂದ್ ಹನಿ ಚೆಲ್ಲಿಲ್ಲೋ. ಆಡು ಹಾಲು ಬಿಡವಲ್ದು. ನೀನರ ಒಂದ್ ಮಾತ್ ಹೇಳೋ,” ಎಂದಳು.

“ನನಗೇನ್ ಗೊತ್ತವಾ, ಆಡಿನ ನಾತದಾವ ನಾನು.”

ಆಕೆ ನನ್ನನ್ನೇ ದಿಟ್ಟಿಸಿದಳು. ಮತ್ತೆ ಬೇಡಲಿಲ್ಲ. ಮರುದಿನ ಕೆಲಸದಿಂದ ತೆಗೆದರು, ಊರಿಗೆ ಹೊರಟುಹೋದಳು.

ಈಗ ಇಲ್ಲಿ ನನಗೆ ಮನೆಯಿದೆ, ತೆಲುಗಿನಲ್ಲಿ ಜಗಳವಾಡುತ್ತೇನೆ. ಊರಿಗೆ ಹೋದಾಗ ಲಿಂಗಸುಗೂರಿನಲ್ಲಿ ಮುದಗಲ್ ಬಸ್ಸು ಎದುರಿಗೇ ನಿಂತಿರುತ್ತದೆ, ಹತ್ತುವುದಿಲ್ಲ. ಆ ನಗು ನೆನಪಾದರೆ ಮೈ ಉರಿಯುತ್ತದೆ, ಇಷ್ಟು ಬರೆದ ಮೇಲೂ ಆರಿಲ್ಲ. ಆದರೆ ಎರಡೂ ಊರಿನಲ್ಲಿ ನೆಮ್ಮದಿಯಾಗಿ ಕೂರಲಾರೆ. ಒಂದರಲ್ಲಿ ಅದನ್ನು ಮಾಡಿದೆ. ಇನ್ನೊಂದರ ದಾರಿಯಲ್ಲಿ ಅವಳಿದ್ದಾಳೆ. ತಪ್ಪಾಯ್ತವಾ ಎಂದು ಇಂದಿಗೂ ಹೇಳಿಲ್ಲ.

ಅವಳ ಹೆಸರು ದುರುಗಮ್ಮ.