‘ಅಲ್ಲಗಳೆಯುವಂತಿಲ್ಲ’ ಎಂದು ಬರೆದವರು

ನಮ್ಮ ಹವಾಮಾನ ಕಚೇರಿಯಲ್ಲಿ ಮುನ್ನೋಟ ಬರೆಯುವವರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ‘ಅಲ್ಲಗಳೆಯುವಂತಿಲ್ಲ’. ಮಳೆ ಬರುತ್ತದೆ ಎಂದು ಅವರು ಬರೆದದ್ದಿಲ್ಲ, ಬರುವುದಿಲ್ಲ ಎಂದೂ ಬರೆದದ್ದಿಲ್ಲ. ಮಳೆಯನ್ನು ಅಲ್ಲಗಳೆಯುವಂತಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು, ತಾವು ಮಾತ್ರ ಮರೆಯದೆ ಕೊಡೆ ಹಿಡಿದು ಮನೆಗೆ ಹೋಗುತ್ತಿದ್ದರು. ಇಪ್ಪತ್ತೆಂಟು ವರ್ಷ ಇದನ್ನೇ ಬರೆದು ನಾಲಿಗೆಗೂ ಆ ರೋಗ ಅಂಟಿತ್ತು. ಊಟಕ್ಕೆ ಎಷ್ಟು ಹೊತ್ತಿಗೆ ಬರ್ತೀರಿ ಎಂದು ಹೆಂಡತಿ ಫೋನಿನಲ್ಲಿ ಕೇಳಿದರೆ, "ಎರಡು ಗಂಟೆ ಆಸುಪಾಸಲ್ಲಿ ಬರೋ ಸಾಧ್ಯತೆ ಇದೆ" ಅನ್ನುತ್ತಿದ್ದರು. ಆಕೆ ಒಂದೂವರೆಗೇ ಊಟ ಮುಗಿಸಿ ಪಾತ್ರೆ ತೊಳೆದಿಡುತ್ತಿದ್ದರು.

ತಪ್ಪು ಅವರೊಬ್ಬರದೇ ಅಲ್ಲ. ಚಳಿಗಾಲವಿಡೀ ಪ್ರತಿ ಸೋಮವಾರ ಹೊರಡುವ ನಮ್ಮ ಮುನ್ನೋಟದಲ್ಲಿ ನಾಲ್ಕು ಭಾಗ: ಕರಾವಳಿ, ಬೆಟ್ಟ, ವಿಮಾನ, ಕಡಲಿಗೆ ಇಳಿಯುವವರು. ಬೆಟ್ಟದಲ್ಲಿ ಕೊರೆಯುವ ಚಳಿ ಎಂದು ಬರೆದರೆ ಹೋಟೆಲಿನವರು ನಮ್ಮ ಮೇಲಧಿಕಾರಿ ಸಾಹೇಬರಿಗೆ ಫೋನ್ ಮಾಡುತ್ತಾರೆ, ಅದು ‘ಆಹ್ಲಾದಕರ ಚಳಿ’ ಆಗುತ್ತದೆ. ದಟ್ಟ ಮಂಜು ಎಂದರೆ ವಿಮಾನ ನಿಲ್ದಾಣದವರಿಗೆ ಮುನಿಸು, ಅದು ‘ತೆಳು ಮುಸುಕು’ ಆಗುತ್ತದೆ. ದೋಣಿಯವರು ಮಾತ್ರ ಸಾಹೇಬರಿಗೆ ಯಾವತ್ತೂ ಫೋನ್ ಮಾಡಿದವರಲ್ಲ. ಹಾಗಾಗಿ ಅವರ ಭಾಗ ಕೊನೆಯಲ್ಲಿ, ಅದೂ ಹಾಳೆಯಲ್ಲಿ ಜಾಗ ಉಳಿದರೆ. ಟೈಪು ಮಾಡುವವನು ನಾನೇ ಆದ್ದರಿಂದ ಈ ಪಾಪದಲ್ಲಿ ನನಗೂ ಪಾಲಿದೆ.

ಕಳೆದ ಚಳಿಗಾಲದ ಒಂದು ಸೋಮವಾರ ಮುನ್ನೋಟ ಬರೆಯುವ ಇವರು ನಕ್ಷೆ ನೋಡಿ ಬೆವರಿದರು. ನನ್ನ ಮೇಜಿಗೆ ಬಂದ ಕರಡಿನ ಕೊನೆಯ ಭಾಗದಲ್ಲಿ ಎರಡೇ ಪದ ಇದ್ದವು: "ಕಡಲಿಗೆ ಇಳಿಯಬೇಡಿ." ಇವರ ಹೆಂಡತಿಯ ತಮ್ಮ ದೋಣಿಯವನು ಎಂಬುದು ಕಚೇರಿಗೆಲ್ಲ ಗೊತ್ತಿತ್ತು.

"ಇದೇನ್ರೀ ಇದು?" ಎಂದರು ಸಾಹೇಬರು. "ನಾವು ಹವಾಮಾನ ಹೇಳೋರು, ಬುದ್ಧಿ ಹೇಳೋರಲ್ಲ. ಗಾಳಿ ಬರ್ಲಿಲ್ಲ ಅಂದ್ರೆ ಯಾರ ತಲೆ ಹೋಗೋದು?"

ಕೆಂಪು ಪೆನ್ನು ಓಡಿತು. ಕೊನೆಗೆ ಹೊರಬಿದ್ದದ್ದು, "ಅಲೆಗಳ ಎತ್ತರದಲ್ಲಿ ಏರಿಕೆಯನ್ನು ಅಲ್ಲಗಳೆಯುವಂತಿಲ್ಲ."

ಮಧ್ಯಾಹ್ನ ಭಾವಮೈದನ ಫೋನ್ ಬಂತು. ಅಲೆಗಳ ನಡುವೆ ಕೂಗಿ ಪಳಗಿದ ಗಂಟಲು, ನನ್ನ ಮೇಜಿಗೂ ಕೇಳಿಸಿತು. "ಭಾವ, ಮೂರು ಸಲ ಓದಿದೆ, ತಲೆಬುಡ ಗೊತ್ತಾಗ್ಲಿಲ್ಲ. ಈ ವಾರ ಹೋಗ್ಲಾ, ಬೇಡ್ವಾ?"

ಇವರು ಸಾಹೇಬರ ಬಾಗಿಲ ಕಡೆ ಒಮ್ಮೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, "ಬೇಡ. ಯಾರ ಹತ್ರಾನೂ ಬಾಯಿ ಬಿಡ್ಬೇಡ, ನನ್ನ ಕೆಲಸಕ್ಕೆ ಕುತ್ತು ಬರುತ್ತೆ" ಎಂದರು.

ಮಂಗಳವಾರ ಕಡಲು ತಟ್ಟೆಯಲ್ಲಿಟ್ಟ ನೀರಿನಂತೆ ಮಲಗಿತ್ತು. ಬುಧವಾರವೂ ಅಷ್ಟೇ. ಉಳಿದ ದೋಣಿಗಳೆಲ್ಲ ಮೀನು ತುಂಬಿಕೊಂಡು ಬಂದವು. ಕಾರಣ ಹೇಳುವಂತಿಲ್ಲದೆ ದಡದಲ್ಲಿ ಕೂತ ಭಾವಮೈದನನ್ನು ನೆಗಡಿಯಾ, ಹೆರಿಗೆ ರಜೆಯಾ ಎಂದು ಎಲ್ಲರೂ ರೇಗಿಸಿದರು. ಗುರುವಾರ ಬೆಳಿಗ್ಗೆ ಅವನು ಮುಖ ಊದಿಸಿಕೊಂಡು ಬಂದರಿಗೆ ಹೊರಟೇಬಿಟ್ಟ ಎಂದು ಹೆಂಡತಿಯಿಂದ ತಿಳಿದು, ಇವರು ಕಚೇರಿಯ ದಾರಿ ಬಿಟ್ಟು ಬಂದರಿನ ಕಡೆ ಸ್ಕೂಟರು ತಿರುಗಿಸಿದರು. ದಿನವೂ ಹಿಂದಿನ ಸೀಟಿನಲ್ಲಿ ಕೂರುವ ನಾನೂ ಜೊತೆಗಿದ್ದೆ. ಇಸ್ತ್ರಿ ಮಾಡಿದ ಪ್ಯಾಂಟು, ಬೂಟು, ಕೊಡೆ ಸಮೇತ ಇವರು ಅವನ ದೋಣಿ ಹತ್ತಿ ಕುಳಿತರು.

"ಇಳೀರಿ ಭಾವ, ಹೊತ್ತಾಯ್ತು."

"ಇಳಿಯಲ್ಲ. ನಾನೂ ಬರ್ತೀನಿ."

"ನಿಮಗೆ ಈಜು ಬರುತ್ತಾ?"

"ಬರೋ ಸಾಧ್ಯತೆ ಇಲ್ಲ."

ಭಾವಮೈದ ನಗಲೂ ಆಗದೆ ಬೈಯಲೂ ಆಗದೆ ನಿಂತ. ಕಡಲಿಗೆ ಹೆದರದವನು ಅಕ್ಕನಿಗೆ ಹೆದರಿದ, ಬಿಚ್ಚಿದ ಹಗ್ಗವನ್ನು ಮತ್ತೆ ಕಟ್ಟಿದ. ಪಕ್ಕದ ದೋಣಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಸಾರ್, ನಿಮ್ಮ ಕಚೇರಿ ಇಲ್ಲಿಗೇ ಬಂತಾ?" ಎಂದು ಕೇಳಿ ಎಂಜಿನ್ ಶುರು ಮಾಡಿದ. ಇವರು ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿದರು. ನಾನು, ದೇವರಾಣೆ, ಗಡಿಯಾರ ನೋಡಿದೆ. ಹಾಜರಿ ಪುಸ್ತಕ ಮುಚ್ಚಲು ಹತ್ತು ನಿಮಿಷ ಉಳಿದಿತ್ತು. ಇವರು ಬಾಯಿ ಮುಚ್ಚಿಕೊಂಡರು, ಪಕ್ಕದ ದೋಣಿ ಹೊರಟುಹೋಯಿತು.

ಗಾಳಿ ಮಧ್ಯಾಹ್ನ ಎರಡೂವರೆಗೆ ಬಂತು. ಮರುದಿನ ಸಾಹೇಬರು, ನಮ್ಮ ಮುನ್ನೋಟ ಅಕ್ಷರಶಃ ನಿಜವಾಯಿತೆಂದು ಮೇಲಿನವರಿಗೆ ಪತ್ರ ಬರೆಸಿದರು. ಅದನ್ನೂ ನಾನೇ ಟೈಪು ಮಾಡಿದೆ, ಒಂದು ಅಕ್ಷರವೂ ತಪ್ಪಲಿಲ್ಲ.

ಎಂಟು ದಿನ ಕಳೆದ ಮೇಲೆ ಪಕ್ಕದ ದೋಣಿಯವನ ಹೆಂಡತಿ ಕಚೇರಿಗೆ ಬಂದಳು. ಗಂಡ ಸತ್ತದ್ದಕ್ಕೆ ಸಿಗುವ ಪರಿಹಾರದ ಅರ್ಜಿಗೆ, ಅಂದು ಕಡಲಿನಲ್ಲಿ ಬಿರುಗಾಳಿ ಇತ್ತು ಎಂಬ ಪ್ರಮಾಣಪತ್ರ ಬೇಕಿತ್ತಂತೆ. ಇವರು ಗಾಳಿಯ ವೇಗ, ಗಂಟೆ, ನಿಮಿಷ ಎಲ್ಲ ಖಚಿತವಾಗಿ ಬರೆದು ಮೊಹರು ಒತ್ತಿ ಕೊಟ್ಟರು. ಆಕೆ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು, ಹೋಗಲಿಲ್ಲ.

"ಅಣ್ಣ, ಆವತ್ತು ನಮ್ಮವರು ನಿಮ್ಮ ಎದುರಿಗೇ ಹೋದ್ರಂತಲ್ಲ," ಎಂದಳು. ಧ್ವನಿಯಲ್ಲಿ ಜಗಳ ಇರಲಿಲ್ಲ. "ಅವರು ನಿಮಗೆ ಭಾವಮೈದ ಅಲ್ಲ, ನಿಜ. ಆದ್ರೂ ಒಂದ್ಸಲ ‘ಬೇಡ’ ಅನ್ನಬಾರ್ದಿತ್ತಾ?"

ಇವರು ಕುರ್ಚಿಯಿಂದ ಎದ್ದು ನಿಂತರು. ನಾನು ಮತ್ತೆ ಗಡಿಯಾರ ನೋಡಿದೆ, ಆ ನಾಚಿಕೆ ಇನ್ನೂ ಹೋಗಿಲ್ಲ.