ಕರೆದವರೇ ಎಲೆ ಹಾಕಬೇಕು

ದಬ್ಬೇಘಟ್ಟದ ಪುಟ್ಟಗೌರಮ್ಮನ ಕಿವಿಯ ಬಗ್ಗೆ ಊರಿನಲ್ಲಿ ಎರಡು ಮಾತಿಲ್ಲ. ಅಟ್ಟದಲ್ಲಿ ವರ್ಷವಿಡೀ ಒಣಗುವ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗೆ ಇನ್ನೂ ನೀರಿದೆಯೋ, ಕೊಬ್ಬರಿಯಾಗಿದೆಯೋ ಹೇಳಿಬಿಡುತ್ತಾಳೆ. ನೆರೆಹೊರೆಯವರೂ ಅವಳನ್ನು ಕರೆಸಿ ಕೇಳಿಯೇ ಕಾಯಿ ಇಳಿಸುವುದು. ಓದಿದ್ದು ನಾಲ್ಕನೇ ಕ್ಲಾಸು. ಬಾಯಿ ಮಾತ್ರ ಎಂಎ ಅನ್ನುತ್ತಾನೆ ಗಂಡ ಮಾಯಣ್ಣ, ಅವಳು ಎದುರಿಗಿಲ್ಲದಾಗ.

ಮಗಳು ಗಾನವಿ ತಿಪಟೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಆಹಾರ ತಂತ್ರಜ್ಞಾನ ಓದುತ್ತಿದ್ದಳು. ಕೊನೆಯ ವರ್ಷಕ್ಕೆ ಬಂದಳೋ ಇಲ್ಲವೋ, ಕಾಲೇಜು ಹೊಸ ನಿಯಮ ತಂದಿತು. ಎಲ್ಲರೂ ಮೂರು ವಾರ ಶ್ರೀಲಂಕಾಕ್ಕೆ ಹೋಗಿ ತೆಂಗಿನ ಕೆಲಸ ಕಲಿಯಲೇಬೇಕು. ಖರ್ಚು ಮನೆಯವರದು. ಹೋಗದಿದ್ದರೆ ನೂರು ಅಂಕ ಇಲ್ಲ, ಅಂದರೆ ಡಿಗ್ರಿಯೂ ಇಲ್ಲ. ಹೇಗಿದೆ ನ್ಯಾಯ!

"ನಂಗೇನು ಅಲ್ಲಿಗೋಗಕೆ ಇಷ್ಟ ಇಲ್ಲ ಬುಡವ್ವ. ಡಿಗ್ರಿ ಇಲ್ದಿದ್ರೆ ಬ್ಯಾರೆ ಏನಾದ್ರೂ ಕೆಲ್ಸ ನೋಡ್ಕೋತೀನಿ," ಅಂದಳು ಗಾನವಿ.

ಜೀವಮಾನವೆಲ್ಲ ಕಾಯಿ ಅಲ್ಲಾಡಿಸಿದವಳಿಗೆ ಮಗಳ ಮಾತು ಟೊಳ್ಳೋ ಗಟ್ಟಿಯೋ ತಿಳಿಯದೇ? ಹೋಗುವ ಆಸೆ ಹುಡುಗಿಯ ಕಣ್ಣಲ್ಲೇ ಇತ್ತು.

ಮಾಯಣ್ಣ ಏಣಿ ತಂದು ಅಟ್ಟಕ್ಕೆ ಒರಗಿಸಿದ. "ಇರೋ ಕಾಯೆಲ್ಲ ಇಳ್ಸಿ ಮಾರ್ಬುಡಾನ ಕಣೇ."

ಅವಳು ಹತ್ತಿ ಒಂದು ಕಾಯಿ ಅಲ್ಲಾಡಿಸಿದಳು. ನೀರು ಕುಳುಕುಳು ಅಂದಿತು. "ಇನ್ನೂ ನಾಕು ತಿಂಗ್ಳು ಬೇಕು. ಈಗ ಒಡುದ್ರೆ ಕಾಯೂ ಅಲ್ಲ, ಕೊಬ್ರೀನೂ ಅಲ್ಲ. ಏಣಿ ತೆಗೀರಿ. ನಾನು ಕಾಲೇಜಿಗೇ ಹೋಗಿ ಬತ್ತೀನಿ."

ಪೋಷಕರ ಸಭೆಯಲ್ಲಿ ಪ್ರಿನ್ಸಿಪಾಲ್ ತೋಂಟದಾರ್ಯರು ವಿದೇಶದ ಕಲಿಕೆಯ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಕೆಟ್ಟ ಮನುಷ್ಯರಲ್ಲ, ಮಕ್ಕಳು ಲೋಕ ನೋಡಲಿ ಅನ್ನುವ ಹಂಬಲ. ಆದರೆ ಕುಳಿತವರೆಲ್ಲ ನೆಲ ನೋಡುತ್ತಿದ್ದರು. ನಮ್ಮ ಕೈಲಾಗದು ಅಂತ ನಾಲ್ಕು ಜನರ ಮುಂದೆ ಹೇಳುವುದಾದರೂ ಹೇಗೆ? ಹಾಳು ಮರ್ಯಾದೆ! ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಪುಟ್ಟಗೌರಮ್ಮ ಎದ್ದಳು.

"ಸ್ವಾಮಿ, ನಮ್ ಕಡೆ ಮದ್ವೆಗೆ ಕರೆದೋರೇ ಎಲೆ ಹಾಕ್ತಾರೆ. ಊಟಕ್ಕೆ ಬರ್ಲೇಬೇಕು, ಬರೋವಾಗ ಅಕ್ಕಿ ತನ್ನಿ ಅಂತ ಯಾರೂ ಅನ್ನಲ್ಲ. ಮುಯ್ಯಿ ಅವರವರ ಶಕ್ತಿ, ಊಟ ಎಲ್ರಿಗೂ ಒಂದೇ. ಬರ್ಲೇಬೇಕು ಅಂದೋರು ನೀವು, ಎಲೇನೂ ನೀವೇ ಹಾಕಿ. ಆಗಕಿಲ್ವಾ, ಆ ಬರ್ಲೇಬೇಕು ಅನ್ನೋದ್ನ ಬುಟ್ಬುಡಿ. ಕೊಬ್ರಿ ಕಲಿಯಕ್ಕೆ ತಿಪಟೂರಲ್ಲಿ ಏನು ಬರ ಬಂದೈತಾ?"

"ಕಾಲೇಜೂ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲಮ್ಮ," ಅಂದರು ಪ್ರಿನ್ಸಿಪಾಲರು.

"ಹಂಗಾರೆ ನಮ್ ಹಾಸ್ಗೇನೂ ಒಸಿ ನೋಡಿ ಸ್ವಾಮಿ."

ಸಭೆ ಗೊಳ್ಳೆಂದಿತು. ನಗು ನಿಲ್ಲುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, "ಆಯಮ್ಮ ಹೇಳೋದು ಸರಿಯಾಗೈತೆ," ಅಂದಳು. ಆಮೇಲೆ ಒಬ್ಬರ ಹಿಂದೊಬ್ಬರು ಎದ್ದರು. ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡು, ಆಡಳಿತ ಮಂಡಳಿಯ ಮುಂದಿಡುತ್ತೇನೆ ಅಂದರು.

ಹದಿನೈದು ದಿನಕ್ಕೆ ನೋಟಿಸು ಬಂತು. ಕಡ್ಡಾಯ ಹೋಯಿತು. ತಿಪಟೂರು ಮಾರುಕಟ್ಟೆಯಲ್ಲೇ ಕಲಿತು ಬರೆದರೂ ಅದೇ ನೂರು ಅಂಕ. ಆಸೆಯಿದ್ದೂ ಅನುಕೂಲವಿಲ್ಲದ ಹತ್ತು ಮಕ್ಕಳನ್ನು ಕಾಲೇಜೇ ಕಳಿಸುತ್ತದೆ. ಪಟ್ಟಿಯಲ್ಲಿ ಗಾನವಿಯ ಹೆಸರಿತ್ತು. ಅವತ್ತು ಅವ್ವ, ಮಗಳು ಇಬ್ಬರೂ ಅತ್ತರು. ಮಾಯಣ್ಣ ಏಣಿಯನ್ನು ಕೊಟ್ಟಿಗೆಗೆ ಸಾಗಿಸಿದ.

ಶ್ರೀಲಂಕಾದಿಂದ ಮೂರನೇ ದಿನ ಫೋನು ಬಂತು. "ಅವ್ವಾ, ಈ ಕಾಯಿ ಒಣಗೈತೆ ಅಂತಾರೆ ಇಲ್ಲಿ ಮೇಷ್ಟ್ರು. ಕೇಳು." ಕಾಯಿ ಅಲ್ಲಾಡಿಸಿದ ಸದ್ದು.

ಪುಟ್ಟಗೌರಮ್ಮ ಕಣ್ಣು ಮುಚ್ಚಿ ಕೇಳಿದಳು. "ಇಲ್ಲ ಕಣೇ. ಇನ್ನೂ ಎರಡು ತಿಂಗ್ಳು ಬೇಕು."

ಆ ಕಡೆ ಟಪ್ಪೆಂದು ಕಾಯಿ ಒಡೆದರು. ನೀರು ಚೆಲ್ಲಿದ ಸದ್ದು. ಜೋರು ಚಪ್ಪಾಳೆ. "ಅವ್ವಾ, ನಿಮ್ಮಮ್ಮ ಓದಿದ್ದು ಯಾವ ಕಾಲೇಜು ಅಂತ ಕೇಳ್ತಾವ್ರೆ!"

"ದಬ್ಬೇಘಟ್ಟದ ಅಟ್ಟ ಅನ್ನು," ಅಂದಳು ಪುಟ್ಟಗೌರಮ್ಮ. "ಅಲ್ಲಿ ಫೀಜಿಲ್ಲ ಅಂತಾನೂ ಹೇಳು."