ಉಲ್ಟಾ ಕೆ

ಬೇಸ್‌ಬಾಲ್‌ನಲ್ಲಿ ಬ್ಯಾಟ್ ಬೀಸಿ ಬೀಸಿ ತಪ್ಪಿ ಔಟಾದವನ ಮುಂದೆ ಸ್ಕೋರ್ ಪುಸ್ತಕದಲ್ಲಿ ಇಂಗ್ಲಿಷಿನ ಕೆ ಬರೆಯಬೇಕು. ಕೊನೆಯ ಚೆಂಡಿಗೆ ಬೀಸದೆ ನಿಂತೇ ಔಟಾದರೆ ಅದೇ ಕೆ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಇದನ್ನು ನನಗೆ ಕಲಿಸಿದವರು ಅಂಕಲ್. ಅವರ ವಿರುದ್ಧ ನಾನು ಬಳಸಿದ್ದೂ ಅದನ್ನೇ.

ಅಂಕಲ್ ಧಾರವಾಡದ ಕಡೆಯವರು. ಹ್ಯೂಸ್ಟನ್‌ನ ಎನರ್ಜಿ ಕಾರಿಡಾರ್‌ನಲ್ಲಿ ತೈಲ ಕಂಪನಿಯ ಎಂಜಿನಿಯರ್ ಆಗಿದ್ದು, ರಿಟೈರ್ ಆದ ಮೇಲೆ ನಾವಿದ್ದ ಕಾಪೆಲ್‌ಗೆ ಬಂದರು. ಆಫೀಸಿನ ಗೆಳೆಯರಿಂದ ಕಲಿತ ಬೇಸ್‌ಬಾಲನ್ನೂ ಜೊತೆಗೆ ತಂದು, ಪಕ್ಕದೂರಾದ ಕ್ಯಾರಲ್ಟನ್‌ನ ಪಾರ್ಕಿನಲ್ಲಿ ನಮ್ಮಪ್ಪನಂಥ ಕ್ರಿಕೆಟ್ ಹುಚ್ಚರನ್ನು ಸೇರಿಸಿ ಭಾನುವಾರದ ಟೀಮ್ ಕಟ್ಟಿದರು. ಹೊಸಬರೆಲ್ಲ ಒಂದೇ ತಪ್ಪು ಮಾಡುತ್ತಿದ್ದರು: ಹೊಡೆದ ಮೇಲೆ ಬ್ಯಾಟ್ ಹಿಡಿದೇ ಓಡಿ, ಕ್ರೀಸಿಗೆ ಚಾಚುವಂತೆ ಕಾಲಿಡಬೇಕಾದ ಬೇಸಿಗೆ ಬ್ಯಾಟ್ ತಾಗಿಸಿ ಔಟಾಗುವುದು. "ಬ್ಯಾಟ್ ಒಗೀಯೋ ತಮ್ಮಾ! ಮನೀಗೆ ಒಯ್ಯಾಂವೇನು?" ಎಂದು ಅಂಕಲ್ ಕೂಗಿದರೆ, ಕನ್ನಡ ಅರ್ಥವಾಗದ ಪಕ್ಕದ ಮೈದಾನದವರೂ ನಗುತ್ತಿದ್ದರು.

ಕಳೆದ ಸೀಸನ್‌ನಲ್ಲಿ ಅಂಕಲ್ ಬ್ಯಾಟಿಗೆ ಚೆಂಡು ತಾಗಲೇ ಇಲ್ಲ. ಆಸ್ಟಿನ್ ಟೂರ್ನಮೆಂಟಿಗೆ ಹೆಸರು ಕಳಿಸಬೇಕಾದ ಭಾನುವಾರ, ಪಾರ್ಕಿನ ಶೆಡ್ಡಿನಡಿ ಅಂಕಲ್ ಹೆಂಡತಿ, ಆಂಟಿ, ತಂದ ಉಪ್ಪಿಟ್ಟು ತಿನ್ನುತ್ತ ಯಾರೂ ಆ ಮಾತೆತ್ತಲಿಲ್ಲ. ಕ್ಯಾಪ್ಟನ್ ಆದ ಅಪ್ಪ ತಟ್ಟೆಯಲ್ಲಿ ಗೋಡಂಬಿ ಹುಡುಕುತ್ತಿದ್ದರು. ಕೊನೆಗೆ ಅಂಕಲ್ಲೇ ಎತ್ತಿದರು.

"ನನ್ನ ಇಟ್ಕೋಬೇಕೋ ಬಿಡಬೇಕೋ? ಡಿಬೇಟ್ ಮಾಡಿಸ್ರಿ. ವಕೀಲ್ತಿ ಇಲ್ಲೇ ಅದಾಳ. ಏನವಾ?"

ನಾನು ಹೈಸ್ಕೂಲಿನಿಂದ ಡಿಬೇಟ್ ಮಾಡಿದವಳು. ಅಲ್ಲಿ ನಾಣ್ಯ ಚಿಮ್ಮಿ ಪಕ್ಷ ಹಂಚುತ್ತಾರೆ. ಸಿಕ್ಕ ಪಕ್ಷವನ್ನು ನಂಬಿದವರಂತೆ ವಾದಿಸಬೇಕು. ಅಂಕಲ್ ನಾಣ್ಯ ಚಿಮ್ಮಿದರು. ನನಗೆ ಬಂದದ್ದು 'ಬಿಡಬೇಕು'. ಮನಸ್ಸಿನಲ್ಲಿ ನಾನು ಇಟ್ಟುಕೊಳ್ಳುವ ಪಕ್ಷ. ಆದರೆ ನಾಣ್ಯ ಬಿದ್ದ ಮೇಲೆ ಮನಸ್ಸನ್ನು ಕೇಳುವ ಅಭ್ಯಾಸ ನನಗಿರಲಿಲ್ಲ.

ಇಟ್ಟುಕೊಳ್ಳಬೇಕೆಂದು ಮೈಸೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಮಾತಾಡಿದ: ಟೀಮ್ ಕಟ್ಟಿದವರು, ಹಿರಿಯರು, ಕೃತಜ್ಞತೆ.

"ಕೃತಜ್ಞತೆಗೆ ಶಾಲು ಹೊದಿಸೋಣ. ಬ್ಯಾಟಿಂಗ್ ಯಾಕೆ ಕೊಡ್ಬೇಕು?" ಎಂದೆ. ಎಲ್ಲರೂ ನಕ್ಕರು. ಆ ನಗು ನನ್ನ ತಲೆಗೇರಿತು. ನಾನು ಬರೆಯುವ ಸ್ಕೋರ್ ಪುಸ್ತಕ ತೆರೆದು ಅಂಕಲ್ ಹೆಸರಿನ ಸಾಲಿನ ಮೇಲೆ ಬೆರಳಿಟ್ಟೆ.

"ಫಾರ್ಮ್ ಹೋದವ್ರು ಬೀಸಿ ತಪ್ತಾರೆ. ಇಲ್ನೋಡಿ, ಬರೀ ಉಲ್ಟಾ ಕೆ. ಅಂಕಲ್ ಬೀಸ್ತಾನೇ ಇಲ್ಲ. ಹೋದ ಫಾರ್ಮ್ ವಾಪಸ್ ಬರತ್ತೆ. ಇದು ಫಾರ್ಮ್ ಅಲ್ಲ, ಅವರಿಗೆ ಬಾಲೇ ಕಾಣ್ತಿಲ್ಲ."

ಗೆಲ್ಲಲಿಕ್ಕೆ ಹೇಳಿದ ಮಾತು. ನಿಜವಿರಬಹುದೆಂದು ಯೋಚಿಸಿರಲೇ ಇಲ್ಲ.

ಅಂಕಲ್ ಚಪ್ಪಾಳೆ ತಟ್ಟಿದರು. ಅವರೊಬ್ಬರೇ. "ಖರೇ ಐತಿ. ಒಗ್ಯಾಂವನ ಕೈ ಬಿಟ್ಟಾಗ ಬಾಲ್ ಕಾಣ್ತೈತಿ. ಆಮ್ಯಾಗ ನಡುವ ಎಲ್ಲಾ ಮಬ್ಬು."

ಬಡಿಸುತ್ತಿದ್ದ ಆಂಟಿಯ ಕೈ ನಿಂತಿತು. "ಡಾಕ್ಟರ್‌ಗೆ ತೋರ್ಸೀರೇನು?"

"ತೋರ್ಸೀನಿ. ಸರಿ ಆಗಂಗಿಲ್ಲಂತ."

"ಮತ್ತ ಇವತ್ತ ನನ್ನ ಬಾಜೂಕ ಕುಂಡ್ರಿಸ್ಕೊಂಡು ಕಾರ್ ಹೊಡ್ಕೊಂಡ್ ಬಂದ್ರಲ್ರೀ!"

ಅಂಕಲ್ ಜೇಬಿನಿಂದ ಕೀಲಿ ತೆಗೆದು ಉಪ್ಪಿಟ್ಟಿನ ಡಬ್ಬಿಯ ಪಕ್ಕ ಇಟ್ಟರು. ಯಾರೂ ವೋಟು ಕೇಳಲಿಲ್ಲ. ಅಪ್ಪ ತಲೆ ಬಗ್ಗಿಸಿ ಫೋನಿನಲ್ಲಿ ಹೆಸರುಗಳನ್ನು ಕಳಿಸಿದರು.

ಹೊರಡುವಾಗ ಅಂಕಲ್ ಹಿಂದೆ ಓಡಿದೆ. "ಅದು ಟಾಸ್‌ನಲ್ಲಿ ಬಂದ ಸೈಡ್ ಅಂಕಲ್. ನಿಮ್ಮನ್ನ ಇಟ್ಕೋಬೇಕು ಅಂತಾನೇ ನಂಗಿದ್ದಿದ್ದು."

"ಹೌದಾ?" ಎಂದರು. "ಅದನ್ನ ಛಲೋ ಮುಚ್ಚಿಟ್ಟಿ ಬಿಡವಾ."

ಅಭ್ಯಾಸಬಲದಿಂದ ಡ್ರೈವರ್ ಸೀಟಿನ ಎಡಬಾಗಿಲಿಗೆ ಹೋದರು. ಅಲ್ಲಿ ಆಂಟಿ ಕೂತಿದ್ದರು. ಅಂಕಲ್ ಕಾರನ್ನು ಕೈಯಿಂದ ಸವರುತ್ತ ಸುತ್ತಿ ಬಂದು ಆಚೆ ಕೂತರು.

ನೀನು ಹೇಳದಿದ್ದರೆ ರಸ್ತೆಯಲ್ಲಿ ಏನಾಗುತ್ತಿತ್ತೋ ಎಂದು ಅಪ್ಪ ಈಗಲೂ ಸಮಾಧಾನ ಮಾಡುತ್ತಾರೆ. ಆ ವಾದದಲ್ಲಿ ದೋಷವಿಲ್ಲ. ಆದರೆ ಅವತ್ತು ನಾನು ಮಾಡಿದ ವಾದ ಅದಲ್ಲ.

ಆಸ್ಟಿನ್‌ಗೆ ಅಂಕಲ್ ಬರಲಿಲ್ಲ. ಅವರ ಜಾಗದಲ್ಲಿ ಬಂದ ಹೊಸಬ ಮೊದಲ ಚೆಂಡನ್ನೇ ಹೊಡೆದು, ಬ್ಯಾಟ್ ಹಿಡಿದೇ ಓಡಿ, ಬೇಸಿಗೆ ಬ್ಯಾಟ್ ಚಾಚಿದ. ನಮ್ಮ ಬೆಂಚಿನಿಂದ ಒಬ್ಬರೂ ಕೂಗಲಿಲ್ಲ. ನಾನು ಪುಸ್ತಕದಲ್ಲಿ ಔಟ್ ಎಂದು ಬರೆದುಕೊಂಡೆ.